ಐಪಿಎ ಕೊಳ್ಳುವ ಮುನ್ನ ತಾರೀಕು ನೋಡಿ

ಕಾಫಿ ಪುಡಿ ಕೊಳ್ಳುವಾಗ ನಮ್ಮ ಕಡೆಯವರು ಕೇಳುವ ಮೊದಲ ಮಾತು, "ಯಾವಾಗ ಹುರಿದದ್ದು?" ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು, ಚಿಕೋರಿ ಬೇಕೋ ಬೇಡವೋ ಎಂಬುದೆಲ್ಲ ಆಮೇಲಿನದು. ಹುರಿದು ತಿಂಗಳುಗಟ್ಟಲೆ ಆದ ಪುಡಿಯನ್ನು ಮೂಗಿಗೆ ಹಿಡಿದ ಕೂಡಲೇ ನಮಗೆ ಗೊತ್ತಾಗುತ್ತದೆ. ಅದೇ ನಾವು ವೈನ್ ಶಾಪಿನ ಕೌಂಟರಿನ ಮುಂದೆ ನಿಂತರೆ ಈ ಪ್ರಶ್ನೆಯನ್ನು ಪೂರ್ತಿ ಮರೆತುಬಿಡುತ್ತೇವೆ. ಎಲ್ಲ ಅಂಗಡಿಯಲ್ಲೂ ಸಿಗುವ, ಕಹಿ ಕಡಿಮೆಯ ಮಾಮೂಲಿ ಲಾಗರ್ ಬಿಯರಿನ ಮಟ್ಟಿಗೆ ಆ ಮರೆವು ಅಷ್ಟಾಗಿ ಕಾಡುವುದಿಲ್ಲ. ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್ ಎಂಬ ಕಹಿ, ಪರಿಮಳ ಎರಡೂ ಹೆಚ್ಚಿರುವ ಬಿಯರಿನ ವಿಷಯದಲ್ಲಿ ಅದೊಂದೇ ಮರೆವು ಸಾಕು, ಕೊಟ್ಟ ದುಡ್ಡು ದಂಡ.

ಕೆಲವು ವರ್ಷಗಳ ಹಿಂದೆ ಹುತ್ತರಿಗೆ ಮೈಸೂರಿನಿಂದ ಭಾವ ಬರುತ್ತಾರೆಂದು ಹೆದ್ದಾರಿ ಬದಿಯ ಒಂದು ಅಂಗಡಿಯಿಂದ ನಾಲ್ಕು ಬಾಟ್ಲಿ ಐಪಿಎ ತಂದಿದ್ದೆ. ಶೋಕೇಸಿನಲ್ಲಿ ಚೆಂದವಾಗಿ ಜೋಡಿಸಿಟ್ಟದ್ದು, ಮೇಲೆ ಟ್ಯೂಬ್‌ಲೈಟ್, ಪಕ್ಕದ ಕಿಟಕಿಯಿಂದ ಸಂಜೆ ಬಿಸಿಲು. ಭಾವ ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟರು. "ಮಳೆಗಾಲದಲ್ಲಿ ರಟ್ಟಿನ ಪೆಟ್ಟಿಗೆ ನೆನೆದರೆ ಬರುತ್ತದಲ್ಲ, ಆ ವಾಸನೆ ಇದೆ ಮಾರಾಯ," ಅಂದರು. ಬಾಟ್ಲಿ ತಿರುಗಿಸಿ ನೋಡಿದರೆ ತಯಾರಾಗಿ ಐದು ತಿಂಗಳು ಕಳೆದಿತ್ತು. ಮುಂದೆ ಬೆಂಗಳೂರಿನಲ್ಲಿ, ಬಿಯರ್ ತಯಾರಿಸುವ ಜಾಗದಲ್ಲೇ ನಲ್ಲಿಯಿಂದ ಹಿಡಿದುಕೊಟ್ಟ ಐಪಿಎ ಕುಡಿದ ದಿನ, ನಮ್ಮ ಕೊಡಗಿನ ಕಿತ್ತಳೆಯ ಸಿಪ್ಪೆ ಹಿಂಡಿದಾಗ ಕಣ್ಣಿಗೆ ಚಿಮ್ಮುತ್ತದಲ್ಲ, ಅಂಥ ಪರಿಮಳ ಗ್ಲಾಸಿನಿಂದ ಎದ್ದು ಬಂತು. ಬಿಯರ್ ಒಂದೇ ಜಾತಿಯದ್ದು. ವ್ಯತ್ಯಾಸ ಮಾಡಿದ್ದು ವಯಸ್ಸು, ಬೆಳಕು, ಶಾಖ.

ಕೊಳ್ಳುವವರು 21 ತುಂಬಿದವರು ಎಂದು ಇಟ್ಟುಕೊಂಡೇ ಮುಂದಿನದನ್ನು ಬರೆಯುತ್ತಿದ್ದೇನೆ.

ಮೊದಲಿಗೆ, ಆ ಪರಿಮಳ ಬರುವುದು ಎಲ್ಲಿಂದ

ಬಿಯರಿಗೆ ಬೇಕಾದ್ದು ನಾಲ್ಕೇ: ನೀರು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಅಂದರೆ ಮಾಲ್ಟ್, ಯೀಸ್ಟ್, ಹಾಪ್ಸ್. ಐಪಿಎಯ ಜೀವ ಇರುವುದು ಹಾಪ್ಸ್‌ನಲ್ಲಿ. ಅದೂ ನಮ್ಮ ಕಾಳುಮೆಣಸಿನ ಹಾಗೆ ಏರುವ ಬಳ್ಳಿಯೇ. ಮೆಣಸು ಸಿಲ್ವರ್ ಓಕಿಗೆ ಬೇರು ಊರಿ ಹತ್ತಿದರೆ, ಹಾಪ್ಸ್ ಎತ್ತರದ ಹಗ್ಗಕ್ಕೆ ಸುತ್ತಿಕೊಂಡು ಪ್ರತಿ ಬೇಸಿಗೆ ಐದಾರು ಮೀಟರ್ ಏರುತ್ತದೆ. ಬೇಸಿಗೆಯಲ್ಲಿ ಹಗಲು ಬಹಳ ಉದ್ದವಿರುವ ದೂರದ ಉತ್ತರ, ದಕ್ಷಿಣ ಅಕ್ಷಾಂಶಗಳೇ ಅದಕ್ಕೆ ಹಿಡಿಸುವುದು. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತಾರೆ. ಹೆಣ್ಣು ಬಳ್ಳಿಯ ಹೂಗೊಂಚಲಿನೊಳಗೆ ಹಳದಿ ಪುಡಿಯಂಥ ಅಂಟು ಇರುತ್ತದೆ. ಕಹಿಯೂ ಅದರಲ್ಲೇ, ಪರಿಮಳವೂ ಅದರಲ್ಲೇ.

ಮಾಲ್ಟಿನ ರಸ ಕುದಿಯಲು ಶುರುವಾದಾಗಲೇ ಹಾಪ್ಸ್ ಹಾಕಿದರೆ ಕಹಿ ಬಿಡುತ್ತದೆ, ಪರಿಮಳ ಹಬೆಯಲ್ಲಿ ಹಾರಿಹೋಗುತ್ತದೆ. ಡಿಕಾಕ್ಷನ್ ಒಲೆಯ ಮೇಲೆ ಮರೆತು ಕುದಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊನೆಯಲ್ಲಿ ಹಾಕಿದರೆ, ಇಲ್ಲವೇ ಬಿಯರ್ ತಣ್ಣಗಾಗಿ ಹುದುಗಿದ ಮೇಲೆ ನೆನೆಹಾಕಿದರೆ, ಪರಿಮಳ ಉಳಿಯುತ್ತದೆ. ಹೀಗೆ ನೆನೆಹಾಕುವುದಕ್ಕೆ ಡ್ರೈ ಹಾಪಿಂಗ್ ಎನ್ನುತ್ತಾರೆ. ಈಗಿನ ಒಳ್ಳೆಯ ಐಪಿಎಗಳೆಲ್ಲ ನಿಂತಿರುವುದು ಈ ಕೆಲಸದ ಮೇಲೆ. ಹೀಗೆ ಕೂಡಿಸಿದ ಪರಿಮಳ ಬಹಳ ದಿನ ನಿಲ್ಲುವುದಿಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. "ಐಪಿಎ ಮಾಡಿದ್ದೇ ಇಂಗ್ಲೆಂಡಿನಿಂದ ಇಂಡಿಯಾವರೆಗೆ ಹಡಗಿನಲ್ಲಿ ಕೆಡದೆ ಬರಲಿ ಅಂತ, ಅದಕ್ಕೆ ಹಳೆಯದಾದರೂ ಪರವಾಗಿಲ್ಲ" ಎಂದು ವಾದಿಸುವವರನ್ನು ಕಂಡಿದ್ದೇನೆ. ಕತೆಯಲ್ಲಿ ನಿಜದ ಅಂಶ ಇದೆ. 18ನೇ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನ ಪೂರ್ವಕ್ಕಿದ್ದ ಬೋ ಎಂಬಲ್ಲಿ ಜಾರ್ಜ್ ಹಾಡ್ಜ್‌ಸನ್ ತಯಾರಿಸಿದ ಪೇಲ್ ಏಲ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಬರುತ್ತಿತ್ತು. ಆಫ್ರಿಕಾದ ತುದಿ ಸುತ್ತಿ ಬರಲು ನಾಲ್ಕರಿಂದ ಆರು ತಿಂಗಳು. ಹುಳಿ ಮಾಡುವ ಬ್ಯಾಕ್ಟೀರಿಯಾಗಳನ್ನು ಹಾಪ್ಸ್ ತಡೆಯುತ್ತಿದ್ದುದರಿಂದ ಅದನ್ನು ಧಾರಾಳವಾಗಿ ಹಾಕುತ್ತಿದ್ದರು. 1820ರ ದಶಕದಲ್ಲಿ ಬರ್ಟನ್-ಆನ್-ಟ್ರೆಂಟ್ ಊರಿನ ಆಲ್ಸಪ್ ಕಂಪನಿ ಈ ವ್ಯಾಪಾರಕ್ಕಿಳಿಯಿತು. ಅಲ್ಲಿನ ಬಾವಿ ನೀರಿನಲ್ಲಿ ಜಿಪ್ಸಂ ಹೆಚ್ಚು, ಆ ನೀರಿನಲ್ಲಿ ಹಾಪ್ಸ್‌ನ ಕಹಿ ಚೊಕ್ಕವಾಗಿ ಏಳುತ್ತಿತ್ತು. ಆದರೆ ಹಾಡ್ಜ್‌ಸನ್ ಇಂಡಿಯಾಕ್ಕೆಂದೇ ಹೊಸ ಬಿಯರ್ ಕಂಡುಹಿಡಿದ ಎಂಬುದು ಉತ್ಪ್ರೇಕ್ಷೆ. ಪೇಲ್ ಏಲ್ ಮೊದಲೇ ಇತ್ತು, ಅದೇ ಹಡಗುಗಳಲ್ಲಿ ಪೋರ್ಟರ್ ಎಂಬ ಕಪ್ಪನೆಯ ಬಿಯರ್ ಕೂಡ ಬರುತ್ತಿತ್ತು. ಹಡಗಿನಲ್ಲಿ ಬಂದದ್ದು ಹುಳಿಯಾಗದೆ ಉಳಿದ ಬಿಯರ್. ಇವತ್ತು ನಾವು ದುಡ್ಡು ಕೊಡುವುದು ತಾಜಾ ಪರಿಮಳಕ್ಕೆ. ಈ ರುಚಿಯ ಬೇರು ಅಮೆರಿಕದಲ್ಲಿದೆ: 1972ರಲ್ಲಿ ಬೆಳೆಗಾರರಿಗೆ ಬಿಡುಗಡೆಯಾದ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿ, 1975ರಲ್ಲಿ ಅದನ್ನು ಬಳಸಿ ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಕಂಪನಿ ಮಾಡಿದ ಲಿಬರ್ಟಿ ಏಲ್, ಅಲ್ಲಿಂದ ಮುಂದೆ.

ಹೆಜ್ಜೆ 1: ಬಾಟ್ಲಿ ತಿರುಗಿಸಿ

ಲೇಬಲ್ ಮೇಲೋ, ಬಾಟ್ಲಿಯ ಕತ್ತಿನ ಮೇಲೋ, ಕ್ಯಾನ್ ಆದರೆ ತಳದಲ್ಲೋ ತಯಾರಾದ ದಿನ ಅಚ್ಚಾಗಿರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಆರು ತಿಂಗಳ ಒಳಗೆ ಬಳಸಿ ಎಂದು ಬರೆದಿರುತ್ತಾರೆ. ಆ ಆರು ತಿಂಗಳು ಬಿಯರ್ ಕುಡಿಯಲು ಯೋಗ್ಯ ಎಂಬುದಕ್ಕೆ, ರುಚಿಯಾಗಿರುತ್ತದೆ ಎಂಬುದಕ್ಕಲ್ಲ. ನನ್ನ ಲೆಕ್ಕ ಹೀಗೆ: ಒಂದು ತಿಂಗಳೊಳಗಿನದು ಸಿಕ್ಕರೆ ಯೋಚಿಸದೆ ತೆಗೆದುಕೊಳ್ಳಿ. ಮೂರು ತಿಂಗಳವರೆಗೆ, ಫ್ರಿಜ್ಜಿನಲ್ಲೇ ಇದ್ದದ್ದಾದರೆ, ತೆಗೆದುಕೊಳ್ಳಬಹುದು. ಅದನ್ನು ದಾಟಿದರೆ ಅಂದು ಲಾಗರ್ ಕೊಳ್ಳಿ. ಮಸುಕಾದ ಹೇಜಿ ಐಪಿಎಗೆ ಇದಕ್ಕಿಂತ ಬಿಗಿ ಲೆಕ್ಕ, ಎರಡು ತಿಂಗಳು. ತಾರೀಕು ಅಳಿಸಿಹೋಗಿದ್ದರೆ ಆ ಬಾಟ್ಲಿ ಬೇಡ.

ದೊಡ್ಡ ಊರಿನಲ್ಲಿ ಐಪಿಎ ವಾರ ವಾರ ಖರ್ಚಾಗುತ್ತದೆ. ನಮ್ಮ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಗಳಲ್ಲಿ ಹೆಚ್ಚು ಓಡುವುದು ವಿಸ್ಕಿ, ಬ್ರಾಂಡಿ, ರಮ್ಮು, ಬಿಟ್ಟರೆ ಸ್ಟ್ರಾಂಗ್ ಬಿಯರ್. ಒಂದು ಕೇಸು ಐಪಿಎ ತರಿಸಿದ ಅಂಗಡಿಯವರು ಅದು ಮುಗಿಯುವವರೆಗೆ ಇಟ್ಟುಕೊಳ್ಳಲೇಬೇಕು. ಅದು ಅವರ ತಪ್ಪಲ್ಲ. ಹಾಗಾಗಿ ನಾನು ಮಾಡುವುದೇನೆಂದರೆ, ಪರಿಚಯದ ಅಂಗಡಿಯಲ್ಲಿ "ಹೊಸ ಕೇಸು ಬಂದ ದಿನ ಒಂದು ಫೋನ್ ಮಾಡಿ" ಎಂದು ಹೇಳಿಡುತ್ತೇನೆ. ನಾಲ್ಕೈದು ಸ್ನೇಹಿತರು ಸೇರಿ ಕೇಸು ಹಂಚಿಕೊಳ್ಳುತ್ತೇವೆ. ಅಂಗಡಿಯವರ ಮಾಲೂ ಖರ್ಚಾಗುತ್ತದೆ, ನಮಗೂ ತಾಜಾ ಸಿಗುತ್ತದೆ. ಪ್ರವಾಸಿಗರ ಸೀಸನ್ನಿನಲ್ಲಿ, ಅಂದರೆ ಅಕ್ಟೋಬರಿನಿಂದ ಜನವರಿವರೆಗೆ ಮತ್ತು ಏಪ್ರಿಲ್, ಮೇ ತಿಂಗಳಲ್ಲಿ, ಸರಕು ಬೇಗ ತಿರುಗುತ್ತದೆ. ಆಗ ಹುಡುಕಿದರೆ ಹೊಸ ತಾರೀಕಿನದು ಸಿಗುವ ಸಂಭವ ಹೆಚ್ಚು.

ಹೆಜ್ಜೆ 2: ಅದು ಎಲ್ಲಿತ್ತು ಎಂದು ನೋಡಿ

ಹಾಪ್ಸ್‌ನ ಕಹಿ ಅಂಶಕ್ಕೆ ಬಿಸಿಲೋ ಟ್ಯೂಬ್‌ಲೈಟೋ ತಾಗಿದರೆ ಅದು ಒಡೆದು ಗಂಧಕ ಬೆರೆತ ಒಂದು ವಸ್ತುವಾಗುತ್ತದೆ. ಸುಟ್ಟ ರಬ್ಬರು, ಹಳಸಿದ ಬೆಳ್ಳುಳ್ಳಿ ಸೇರಿಸಿದಂಥ ನಾತ. ಬಿರು ಬಿಸಿಲಲ್ಲಿ ಕೆಲವು ನಿಮಿಷ ಸಾಕು. ಕಂದು ಬಾಟ್ಲಿ ಆ ಬೆಳಕನ್ನು ಬಹುಪಾಲು ತಡೆಯುತ್ತದೆ, ಹಸಿರು ಬಾಟ್ಲಿ ಅಷ್ಟಕ್ಕಷ್ಟೆ, ಬಿಳಿ ಗಾಜು ಏನನ್ನೂ ತಡೆಯುವುದಿಲ್ಲ. ಕ್ಯಾನಿನೊಳಗೆ ಬೆಳಕೇ ಹೋಗದು. "ಟಿನ್ನಿನ ಬಿಯರ್ ಕೀಳು" ಎಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇದೆ. ಐಪಿಎ ಮಟ್ಟಿಗೆ ನಾನು ಅದನ್ನು ಒಪ್ಪುವುದಿಲ್ಲ. ಎರಡೂ ಇದ್ದರೆ ಕ್ಯಾನನ್ನೇ ತೆಗೆದುಕೊಳ್ಳಿ.

ಶಾಖವೂ ಅಷ್ಟೇ ಕೆಟ್ಟದ್ದು. ಶೋಕೇಸಿನದು ಬೇಡ, ಒಳಗಿನ ಫ್ರಿಜ್ಜಿನಿಂದ ಕೊಡಿ ಎಂದು ಕೇಳಲು ಸಂಕೋಚ ಬೇಡ. ಜುಲೈ, ಆಗಸ್ಟಿನಲ್ಲಿ ಇನ್ನೊಂದು ಮಾತು ನೆನಪಿರಲಿ: ಮರ ಬಿದ್ದು ಕರೆಂಟು ಎರಡು ಮೂರು ದಿನ ಹೋಗಿದ್ದರೆ ಅಂಗಡಿಯ ಫ್ರಿಜ್ಜೂ ನಿಂತಿರುತ್ತದೆ. ನಮ್ಮ ಮಳೆಗಾಲದ ಚಳಿಯಲ್ಲಿ ಅದರಿಂದ ದೊಡ್ಡ ನಷ್ಟವಿಲ್ಲ. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಕರೆಂಟು ಹೋದದ್ದೇ ಹೆಚ್ಚು ಕೆಡುಕು.

ಮೈಸೂರಿನಿಂದಲೋ ಬೆಂಗಳೂರಿನಿಂದಲೋ ತರುವವರು ಜೀಪಿನ ಹಿಂದೆ ಗೋಣಿಚೀಲದ ಪಕ್ಕ ಎಸೆದು ತರಬೇಡಿ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿನಿಂದ ಸುಮಾರು 260. ಮೀನು ತರುವ ಥರ್ಮಾಕೋಲ್ ಪೆಟ್ಟಿಗೆ, ಸ್ವಲ್ಪ ಐಸು, ಮೇಲೊಂದು ಗೋಣಿ, ಇಷ್ಟು ಸಾಕು. ಕೇರಳದಿಂದಲೋ ಗೋವಾದಿಂದಲೋ ಪರ್ಮಿಟ್ ಇಲ್ಲದೆ ತರಬೇಡಿ. ಯಾವ ರಾಜ್ಯದಲ್ಲಿ ಮಾರಲು ಎಂಬುದು ಲೇಬಲ್ಲಿನ ಮೇಲೇ ಇರುತ್ತದೆ, ಕುಟ್ಟದಲ್ಲೂ ಮಾಕುಟ್ಟದಲ್ಲೂ ಚೆಕ್‌ಪೋಸ್ಟ್ ಇದೆ.

ಹೆಜ್ಜೆ 3: ಲೇಬಲ್ಲಿನ ಮಾತು ಅರ್ಥ ಮಾಡಿಕೊಳ್ಳಿ

ಕಹಿ ಬೇರೆ, ಕಿಕ್ಕು ಬೇರೆ. "ಐಪಿಎ ಬಹಳ ಕಹಿಯಂತೆ, ಹಾಗಾದರೆ ಸ್ಟ್ರಾಂಗ್ ಇರಬೇಕು" ಎಂದು ಕೇಳುವವರಿಗೆ ಇದನ್ನೇ ಹೇಳುತ್ತೇನೆ. ಕಹಿಯನ್ನು ಐಬಿಯು ಎಂಬ ಅಂಕಿಯಲ್ಲಿ ಅಳೆಯುತ್ತಾರೆ, ಆಲ್ಕೋಹಾಲನ್ನು ಶೇಕಡಾದಲ್ಲಿ. ಸಾಮಾನ್ಯ ಲಾಗರಿನ ಕಹಿ 10ರಿಂದ 20 ಐಬಿಯು. ಐಪಿಎಗಳದ್ದು ಹೆಚ್ಚಾಗಿ 40ರಿಂದ 70. ಆ ಅಂಕಿಯೂ ಪೂರ್ತಿ ಸತ್ಯ ಹೇಳುವುದಿಲ್ಲ. ಮಾಲ್ಟಿನ ಸಿಹಿ ಹೆಚ್ಚಿದ್ದರೆ 60 ಕೂಡ ಮೃದುವೆನಿಸುತ್ತದೆ, ಸಕ್ಕರೆ ಹಾಕಿದ ಗಟ್ಟಿ ಕಾಫಿಯ ಹಾಗೆ.

ಜಾತಿಗಳಲ್ಲಿ ಇವಿಷ್ಟು ಗೊತ್ತಿದ್ದರೆ ಅಂಗಡಿಯಲ್ಲಿ ತಡವರಿಸಬೇಕಿಲ್ಲ. ಇಂಗ್ಲಿಷ್ ಐಪಿಎಯಲ್ಲಿ ಬಿಸ್ಕತ್ತು, ಸುಟ್ಟ ರೊಟ್ಟಿಯಂಥ ಮಾಲ್ಟಿನ ರುಚಿ ಮುಂದೆ, ಹಾಪ್ಸ್ ಮಣ್ಣು, ಸೊಪ್ಪು, ಸಾಂಬಾರ ಪದಾರ್ಥದ ಕಡೆ ವಾಲುತ್ತದೆ. ಗೋಲ್ಡಿಂಗ್ಸ್, ಫಗಲ್ ಎಂಬ ಹಾಪ್ಸ್ ಹೆಸರು ಕಂಡರೆ ಇದೇ. ವೆಸ್ಟ್ ಕೋಸ್ಟ್ ಐಪಿಎ ತಿಳಿಯಾಗಿ, ಒಣದಾಗಿ, ಕಹಿ ಎದ್ದು ಕಾಣುವಂತೆ ಇರುತ್ತದೆ. ಕ್ಯಾಸ್ಕೇಡ್, ಸೆಂಟೆನಿಯಲ್, ಸಿಮ್ಕೋ ಇದರ ಹಾಪ್ಸ್‌ಗಳು, ಚಕ್ಕೋತ ಸಿಪ್ಪೆ, ಪೈನ್ ಮರದ ಅಂಟಿನ ವಾಸನೆ. ಹೇಜಿ ಅಥವಾ ನ್ಯೂ ಇಂಗ್ಲೆಂಡ್ ಐಪಿಎ ಹಣ್ಣಿನ ರಸದಂತೆ ಮಸುಕು. ಸಿಟ್ರಾ, ಮೊಸಾಯಿಕ್ ಹೆಸರಿದ್ದರೆ ಮಾವು, ಪ್ಯಾಷನ್ ಫ್ರೂಟ್ ಕಡೆಗೆ ಹೋಗುತ್ತದೆ, ಕಹಿ ಹಿಂದೆ ಸರಿದಿರುತ್ತದೆ. ಸೆಷನ್ ಐಪಿಎ ಎಂದರೆ ಶೇ. 5ರೊಳಗಿನ ಹಗುರದ್ದು. ಡಬಲ್ ಐಪಿಎ ಶೇ. 7.5ರಿಂದ ಶುರು.

ಮೊದಲ ಸಲದವರಿಗೆ ಹೇಜಿ ಕೊಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಕೊಡಗಿನವರಿಗೆ ಆ ಸಲಹೆ ಬೇಡ ಎಂಬುದು ನನ್ನ ಅಭಿಪ್ರಾಯ. ಹಾಲು ಸಕ್ಕರೆ ಕಡಿಮೆ ಮಾಡಿ ಕಾಫಿ ಕುಡಿದು ಬೆಳೆದ ನಾಲಿಗೆಗೆ ಕಹಿ ಹೊಸದಲ್ಲ. ನೇರವಾಗಿ ಶೇ. 6ರ ಆಸುಪಾಸಿನ ಇಂಗ್ಲಿಷ್ ಅಥವಾ ವೆಸ್ಟ್ ಕೋಸ್ಟ್ ಐಪಿಎಯಿಂದ ಶುರು ಮಾಡಿ. ಸಿಹಿ ಹೋಂ ಮೇಡ್ ವೈನ್ ಇಷ್ಟಪಡುವವರಿಗೆ ಮಾತ್ರ ಹೇಜಿ.

ರುಚಿ ಕಲಿಯಬೇಕೆಂದರೆ ಬೆಂಗಳೂರಿಗೆ ಹೋದಾಗ ಒಂದು ಮೈಕ್ರೋಬ್ರೂವರಿಗೆ, ಅಂದರೆ ಬಿಯರನ್ನು ಅಲ್ಲೇ ತಯಾರಿಸಿ ಕೊಡುವ ಜಾಗಕ್ಕೆ ಹೋಗಿ. ಮಿಷಿಗನ್‌ನ ಆನ್ ಆರ್ಬರ್ ಊರಿನ ನಂಟಿನಿಂದ 2012ರಲ್ಲಿ ಶುರುವಾದ ಆರ್ಬರ್ ಬ್ರೂಯಿಂಗ್ ಕಂಪನಿಯ ರೇಜಿಂಗ್ ಎಲಿಫೆಂಟ್ ಐಪಿಎ ಅಮೆರಿಕನ್ ಶೈಲಿಗೆ ಒಳ್ಳೆಯ ಪಾಠ. ಎಲ್ಲಿಗೆ ಹೋದರೂ ದೊಡ್ಡ ಗ್ಲಾಸು ಹೇಳುವ ಮೊದಲು ಸಣ್ಣ ಲೋಟಗಳ ಸ್ಯಾಂಪ್ಲರ್ ಕೇಳಿ. ಕಾಫಿ ಕಪ್ಪಿಂಗ್‌ನಲ್ಲಿ ಸಾಲಾಗಿ ಇಟ್ಟು ರುಚಿ ನೋಡುತ್ತಾರಲ್ಲ, ಹಾಗೆ. ಪಕ್ಕ ಪಕ್ಕ ಕುಡಿದಾಗ ತಿಳಿಯುವಷ್ಟು ಒಂದೊಂದೇ ಕುಡಿದಾಗ ತಿಳಿಯುವುದಿಲ್ಲ.

ಹೆಜ್ಜೆ 4: ಅಳತೆಯ ಲೆಕ್ಕ

650 ಎಂಎಲ್ ಬಾಟ್ಲಿಯ ಶೇ. 5ರ ಲಾಗರಿನಲ್ಲಿ ಇರುವ ಆಲ್ಕೋಹಾಲು 32.5 ಎಂಎಲ್. 500 ಎಂಎಲ್ ಕ್ಯಾನಿನ ಶೇ. 7.5ರ ಐಪಿಎಯಲ್ಲಿ 37.5. ಕ್ಯಾನ್ ಸಣ್ಣದು, ಅಮಲು ಹೆಚ್ಚು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಲ್ಲಿ ಶೇ. 5 ದಾಟಿ 8ರವರೆಗಿನದು ಸ್ಟ್ರಾಂಗ್ ಬಿಯರ್, ಅಂದರೆ ಬಹುತೇಕ ಐಪಿಎಗಳು ಅದರೊಳಗೇ ಬರುತ್ತವೆ. ರಕ್ತದ 100 ಎಂಎಲ್‌ಗೆ 30 ಮಿಲಿಗ್ರಾಂ ದಾಟಿದವರು ಗಾಡಿ ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ನಮ್ಮ ತಿರುವುಗಳಲ್ಲಿ, ಮಂಜಿನಲ್ಲಿ, ಆನೆ ದಾಟುವ ದಾರಿಯಲ್ಲಿ ದಂಡದ ಮಾತು ಸಣ್ಣದು. ಕುಡಿಯುವ ರಾತ್ರಿ ಎಲ್ಲಿ ಉಳಿಯುತ್ತೀರೆಂದು ಮೊದಲೇ ಗೊತ್ತಿರಲಿ.

ಹೆಜ್ಜೆ 5: ಮನೆಯಲ್ಲಿ

ಬಾಟ್ಲಿ ನಿಲ್ಲಿಸಿಯೇ ಇಡಿ, ಫ್ರಿಜ್ಜಿನ ಬಾಗಿಲಲ್ಲಿ ಬೇಡ, ಒಳಗೆ. ತೆಗೆದ ಕೂಡಲೇ ಕುಡಿದರೆ ನಾಲಿಗೆ ಮರಗಟ್ಟಿ ಪರಿಮಳ ಸಿಗದು. 7ರಿಂದ 10 ಡಿಗ್ರಿ ಸರಿ, ಇಂಗ್ಲಿಷ್ ಶೈಲಿಗೆ 10ರಿಂದ 13. ಬಯಲುಸೀಮೆಯವರು ಇದಕ್ಕೆ ಪರದಾಡಬೇಕು. ಡಿಸೆಂಬರ್ ರಾತ್ರಿ ನಮ್ಮ ಜಗಲಿಯಲ್ಲಿ ಕಾಲು ಗಂಟೆ ಇಟ್ಟರೆ ತಾನೇ ಹದಕ್ಕೆ ಬರುತ್ತದೆ. ಐಸ್ ಹಾಕಬೇಡಿ.

ಗ್ಲಾಸಿಗೆ ಸುರಿದೇ ಕುಡಿಯಿರಿ. ಬಾಟ್ಲಿಯ ಕಿರಿದಾದ ಬಾಯಿಂದ ಕುಡಿದರೆ ಮೂಗಿಗೆ ಏನೂ ತಲುಪುವುದಿಲ್ಲ, ಪರಿಮಳಕ್ಕೆ ಕೊಟ್ಟ ದುಡ್ಡು ಬಾಟ್ಲಿಯಲ್ಲೇ ಉಳಿಯುತ್ತದೆ. ವಿಶೇಷ ಗ್ಲಾಸು ಬೇಕಿಲ್ಲ. ನಮ್ಮ ಮನೆಗಳಲ್ಲಿ ವೈನ್ ಗ್ಲಾಸು ಇದ್ದೇ ಇರುತ್ತದೆ, ಹೊಟ್ಟೆ ದಪ್ಪ ಬಾಯಿ ಕಿರಿದು, ಅದೇ ಸರಿಯಾದ್ದು. ಸೋಪಿನ ಜಿಡ್ಡು ಉಳಿದಿದ್ದರೆ ನೊರೆ ನಿಲ್ಲದು, ಬಿಸಿನೀರಿನಲ್ಲಿ ತೊಳೆದು ಗಾಳಿಗೆ ಆರಿಸಿ. ಎರಡು ಬೆರಳಷ್ಟು ನೊರೆ ಬರಲಿ, ಗ್ಲಾಸು ಒಮ್ಮೆ ಸುತ್ತಿಸಿ, ಮೂಸಿ, ಆಮೇಲೆ ಗುಟುಕು.

ಮೂಗು ಇಲ್ಲಿ ತೀರ್ಪು ಕೊಡುತ್ತದೆ. ಕಿತ್ತಳೆ, ಹೂವು, ಹಸಿ ಸೊಪ್ಪು, ಪೈನ್ ಬಂದರೆ ಒಳ್ಳೆಯದು. ಒದ್ದೆ ರಟ್ಟು ಅಂದರೆ ಗಾಳಿ ತಾಗಿ ಹಳತಾಗಿದೆ. ಸುಟ್ಟ ರಬ್ಬರು ಅಂದರೆ ಬೆಳಕು ತಾಗಿದೆ. ಬೆಣ್ಣೆ ಹಚ್ಚಿದ ಪಾಪ್‌ಕಾರ್ನ್ ಅಂದರೆ ಹುದುಗುವ ಕೆಲಸ ಅರ್ಧಕ್ಕೆ ನಿಂತಿದೆ. ಹುಳಿ ಬಂದಿದ್ದರೆ ಬ್ಯಾಕ್ಟೀರಿಯಾ ಸೇರಿದೆ. ತಿಳಿಯಾಗಿರಬೇಕಾದ್ದು ಕದಡಿದ್ದರೆ ಅನುಮಾನ ಪಡಿ, ಹೇಜಿ ಕದಡಿದ್ದರೆ ಅದರ ಗುಣವೇ ಅದು.

ಹೆಜ್ಜೆ 6: ಊಟದ ಜೊತೆ

ನನಗೆ ಅತಿ ಪ್ರಿಯವಾದ ಭಾಗ ಇದು. ಪಂದಿ ಕರಿಯ, ಅಂದರೆ ನಮ್ಮ ಹಂದಿ ಮಾಂಸದ ಸಾರಿನ ಕಪ್ಪು ಮಸಾಲೆಯಲ್ಲಿ ಹುರಿದ ಕೊತ್ತಂಬರಿ ಬೀಜ, ಕಾಳುಮೆಣಸು ಇರುತ್ತದಲ್ಲ. ಕೊತ್ತಂಬರಿ ಬೀಜದ ಮುಖ್ಯ ಪರಿಮಳ ಲಿನಲೂಲ್, ಮೆಣಸಿನಲ್ಲಿ ಕ್ಯಾರಿಯೋಫಿಲೀನ್. ಹಾಪ್ಸ್‌ನ ಎಣ್ಣೆಯಲ್ಲೂ ಇವೆರಡೂ ಇವೆ. ಅದಕ್ಕೇ ಒಳ್ಳೆಯ ಐಪಿಎ ಪಂದಿ ಕರಿಯ ಪಕ್ಕದಲ್ಲಿ ಹೊರಗಿನವರ ಹಾಗೆ ನಿಲ್ಲುವುದಿಲ್ಲ. ಕೊಬ್ಬಿನ ಜಿಡ್ಡನ್ನು ಕಹಿ ತೊಳೆಯುತ್ತದೆ, ಮುಂದಿನ ತುತ್ತು ಮತ್ತೆ ಮೊದಲ ತುತ್ತಿನಂತಿರುತ್ತದೆ. ಇಂಗ್ಲಿಷ್ ಐಪಿಎಯ ಬಿಸ್ಕತ್ತಿನಂಥ ಮಾಲ್ಟು ಹುರಿದ ಮಸಾಲೆಗೆ ಸರಿಹೊಂದುತ್ತದೆ. ಜೊತೆಗೆ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ ಇರಲೇಬೇಕು, ಅದರ ಸಪ್ಪೆ ನಡುವೆ ನಾಲಿಗೆಗೆ ವಿಶ್ರಾಂತಿ.

ಒಂದು ಎಚ್ಚರ. ಹಸಿಮೆಣಸಿನಕಾಯಿ ಹೆಚ್ಚಿರುವ ಅಡುಗೆಗೆ ಐಪಿಎ ಬೇಡ. ಆಲ್ಕೋಹಾಲು, ಗ್ಯಾಸು, ಕಹಿ ಮೂರೂ ಸೇರಿ ಖಾರದ ಉರಿ ಏರಿಸುತ್ತವೆ. ಕಾಳುಮೆಣಸಿನ ಖಾರ ಆದೀತು, ಗಾಂಧಾರಿ ಮೆಣಸಿನ ಖಾರ ಆಗದು. ಕಾಚಂಪುಳಿಯನ್ನೂ, ಅಂದರೆ ನಮ್ಮ ಕಪ್ಪು ಹುಳಿರಸವನ್ನೂ, ಆ ದಿನ ಒಂದು ಚಮಚ ಕಡಿಮೆ ಹಾಕಿ. ಹುಳಿ ಗಟ್ಟಿಯಾದರೆ ಕಹಿ ಒರಟಾಗುತ್ತದೆ. ಕಣಿಲೆ ಸಾರು, ಅಂದರೆ ಬೈಂಬಳೆ ಕರಿಗೆ ಐಪಿಎ ಸೇರುವುದಿಲ್ಲ ಎಂದು ನನ್ನ ಅನುಭವ, ಎರಡೂ ತಮ್ಮ ತಮ್ಮ ಒಗರು ಮುಂದೆ ಮಾಡುತ್ತವೆ. ಮಳೆಗಾಲದ ಅಣಬೆ ಪಲ್ಯಕ್ಕೆ ಹೇಜಿ ಸೊಗಸು. ನೂಲ್‌ಪುಟ್ಟು ಅಂದರೆ ಒತ್ತು ಶಾವಿಗೆ, ಜೊತೆಗೆ ತೆಂಗಿನಹಾಲಿನ ಕೋಳಿ ಸಾರು, ಇದಕ್ಕೆ ಸೆಷನ್ ಐಪಿಎ ಸಾಕು. ಡಬಲ್ ಐಪಿಎಯನ್ನು ಊಟಕ್ಕೆ ತರಬೇಡಿ. ಊಟ ಮುಗಿದ ಮೇಲೆ, ಇಬ್ಬರು ಒಂದು ಪಿಂಟ್ ಹಂಚಿಕೊಂಡು, ನಿಧಾನವಾಗಿ.

ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಕುಡಿದ ಪ್ರತಿಯೊಂದರ ಹೆಸರು, ತಯಾರಾದ ತಾರೀಕು, ಕೊಂಡ ಅಂಗಡಿ, ಮೂಗಿಗೆ ಬಂದದ್ದು ಬರೆದಿಡಿ. ಹತ್ತು ಬಾಟ್ಲಿ ಆಗುವಷ್ಟರಲ್ಲಿ ಯಾವ ಅಂಗಡಿಯ ಫ್ರಿಜ್ಜು ನಂಬಬಹುದು, ಯಾವ ಹಾಪ್ಸ್ ನಿಮಗೆ ಹಿಡಿಸುತ್ತದೆ ಎರಡೂ ಗೊತ್ತಾಗುತ್ತದೆ.

ತೆರೆದ ಬಾಟ್ಲಿಯನ್ನು ನಾಳೆಗೆ ಉಳಿಸಬೇಡಿ, ಬೆಳಗ್ಗೆ ಅದರಲ್ಲಿ ಕಹಿ ಬಿಟ್ಟು ಏನೂ ಇರುವುದಿಲ್ಲ. ಉಳಿದದ್ದನ್ನು ಪಂದಿ ಬೇಯುವ ಪಾತ್ರೆಗೆ ಸುರಿಯುವ ಯೋಚನೆಯನ್ನೂ ಬಿಡಿ. ನೀರು ಆರುತ್ತಾ ಹೋದಂತೆ ಕಹಿ ತಳದಲ್ಲಿ ಗಟ್ಟಿಯಾಗಿ ಕೂತು ಇಡೀ ಪಾತ್ರೆ ಕೆಡುತ್ತದೆ. ಮಾಂಸ ಬೇಯಿಸಲು ಬಿಯರ್ ಬೇಕೇ ಬೇಕೆನಿಸಿದರೆ ಕಹಿ ಕಡಿಮೆಯ ಲಾಗರ್ ಹಾಕಿ.